ಹಲಾಲ್ ಆ್ಯಪ್ ಆರಿಸುವಾಗ ಮನೆಯವರೂ ಪಕ್ಕದಲ್ಲಿ ಕೂತಿರಲಿ

ಮಾನ್ಯ ಸಂಪಾದಕರೇ,

‘ಹಲಾಲ್ ಡೇಟಿಂಗ್ ಆ್ಯಪ್’ ಅಂದ ಕೂಡಲೇ ನಮ್ಮ ಕಡೆ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನಕ್ಕೆ ಸಿಟ್ಟು ಬರುತ್ತದೆ. ಡೇಟಿಂಗ್ ಹೇಗೆ ಹಲಾಲ್ ಆಗುತ್ತದೆ ಅಂತ ಕೇಳುತ್ತಾರೆ. ಕೇಳಲಿ. ಆದರೆ ಹಾಗೆ ಕೇಳುವವರ ಮನೆಯಲ್ಲೇ ಮಗಳ ಫೋನಿನಲ್ಲಿ ಅಂಥದ್ದೊಂದು ಆ್ಯಪ್ ಇರುತ್ತದೆ. ಅದನ್ನು ಆರಿಸಲು ಅವಳಿಗೆ ನೆರವಾದದ್ದು ಪಿಜಿಯ ರೂಮ್‌ಮೇಟ್ ಅಥವಾ ಇನ್‌ಸ್ಟಾಗ್ರಾಮ್ ಜಾಹೀರಾತು. ಮನೆಯವರು ಯಾರೂ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ. ಮದುವೆ ಬಟ್ಟೆ ತೆಗೆಯಲು ಕಾರು ತುಂಬ ಜನ ಹೋಗುತ್ತೇವೆ. ಗಂಡು ಹುಡುಕುವ ಆ್ಯಪ್ ಆರಿಸುವ ಕೆಲಸವನ್ನು ಮಾತ್ರ ಹುಡುಗಿಯೊಬ್ಬಳ ತಲೆಗೆ ಕಟ್ಟಿ, ನಮಗೇನೂ ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತೇವೆ.

ನಾನು ಬಂಟ್ವಾಳ ತಾಲೂಕಿನ ಬ್ಯಾರಿ ಹೆಂಗಸು. ಹೈಸ್ಕೂಲ್ ಟೀಚರ್. ತಂಗಿಯ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಅವಳು ಎಂಕಾಂ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಜೆಗೆ ಬಂದಾಗಲೆಲ್ಲ ಅವಳು, ಅವಳ ಉಮ್ಮ (ಅಂದರೆ ನನ್ನ ತಂಗಿ), ನಾನು ಚಾವಡಿಯಲ್ಲಿ ಕೂತು ಒಂದೊಂದೇ ಆ್ಯಪ್ ತೆರೆದು ನೋಡಿದ್ದೇವೆ. ಆ ಅನುಭವದ ಮೇಲೆ ಈ ಪತ್ರ. ಸ್ವಲ್ಪ ಉದ್ದವಾಗಬಹುದು. ಕತ್ತರಿ ಹಾಕುವುದಿದ್ದರೆ ನನ್ನ ಗೊಣಗಾಟಕ್ಕೆ ಹಾಕಿ, ಫೋಟೊ ವಿಷಯಕ್ಕೆ ಬೇಡ.

‘ನಮ್ಮ ಕಾಲದಲ್ಲಿ ಆ್ಯಪ್ ಇರಲಿಲ್ಲ, ನಮಗೆ ಮದುವೆ ಆಗಲಿಲ್ವಾ’ ಅನ್ನುವವರು ತುಂಬ ಜನ. ಆಯಿತು, ನಿಜ. ಬ್ರೋಕರ್ ಬರುತ್ತಿದ್ದ, ಚಹಾ ಕುಡಿಯುತ್ತಿದ್ದ, ಹುಡುಗಿ ಬಣ್ಣ ಹೇಗೆ ಅಂತ ಕೇಳುತ್ತಿದ್ದ, ಆಮೇಲೆ ಚಿನ್ನ ಎಷ್ಟು ಪವನ್ ಅಂತ ಕೇಳುತ್ತಿದ್ದ. ಅವನ ಡೈರಿಯಲ್ಲಿ ಹುಡುಗ ಅಂದರೆ ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬಂದು, ಹುಡುಗಿ ನೋಡಿ, ನಿಕಾಹ್ ಮಾಡಿಕೊಂಡು, ಮತ್ತೆ ವಿಮಾನ ಹತ್ತುವವನು. ಈಗ ನಮ್ಮ ಹೆಣ್ಣುಮಕ್ಕಳು ಬಿಎಡ್, ಎಂಕಾಂ, ಸಿಎ ಅಂತ ಓದಿಬಿಟ್ಟಿದ್ದಾರೆ. ಅವರಿಗೆ ಸರಿಹೊಂದುವ ಹುಡುಗ ಹುಬ್ಬಳ್ಳಿಯಲ್ಲೋ ಹೈದರಾಬಾದಿನಲ್ಲೋ ಇರುತ್ತಾನೆ, ನಮ್ಮ ಬ್ರೋಕರ್‌ನ ಬೈಕು ಅಷ್ಟು ದೂರ ಹೋಗುವುದಿಲ್ಲ. ತಲಾಕ್ ಆದವರ, ಗಂಡ ತೀರಿಹೋದವರ ಪಾಡು ಇನ್ನೂ ಕಷ್ಟ. ಮೂವತ್ತು ಕೂಡ ದಾಟದ ಹುಡುಗಿಗೆ, ಒಂದು ಮಗು ಇದೆ ಅನ್ನುವ ಒಂದೇ ಕಾರಣಕ್ಕೆ, ಅವಳ ಉಪ್ಪನ (ತಂದೆಯ) ವಯಸ್ಸಿನವನನ್ನು ತಂದು ‘ಇದಕ್ಕಿಂತ ಒಳ್ಳೆಯದು ಸಿಗಲ್ಲ’ ಅನ್ನುತ್ತಾರೆ. ಪ್ರವಾದಿಯವರ ಮೊದಲ ಪತ್ನಿ ಖದೀಜಾ (ರ) ವಿಧವೆ, ಸ್ವಂತ ವ್ಯಾಪಾರ ಇದ್ದವರು, ಮದುವೆಯ ಮಾತನ್ನು ತಾವೇ ಮುಂದಾಗಿ ನಫೀಸಾ ಎಂಬ ಗೆಳತಿಯ ಮೂಲಕ ಕಳಿಸಿದವರು. ಪ್ರವಾದಿ ಜನ್ಮದಿನದ ಮೀಲಾದ್ ಭಾಷಣದಲ್ಲಿ ಇದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಪಕ್ಕದ ಮನೆಯ ವಿಧವೆ ತಾನೇ ಪ್ರೊಫೈಲ್ ಹಾಕಿದ್ದಾಳೆ ಅಂದರೆ ಬಾಯಿಗೆ ಬಂದದ್ದು ಮಾತಾಡುತ್ತೇವೆ. ಇಂಥವರಿಗೆ ಆ್ಯಪ್ ನಿಜವಾಗಿಯೂ ಉಪಕಾರ ಮಾಡುತ್ತದೆ, ನೋಡಿ ಹೇಳುತ್ತಿದ್ದೇನೆ. ಪ್ರೊಫೈಲ್‌ನಲ್ಲೇ ‘ಮಗು ಇದೆ’ ಅಂತ ಬರೆದಿರುತ್ತದೆ, ಬೇಡದವರು ಮುಂದೆ ಹೋಗುತ್ತಾರೆ, ಯಾರೂ ಮನೆಗೆ ಬಂದು ಪಲ್ಯ ತಿಂದು ಮೂಗು ಮುರಿದು ಹೋಗುವುದಿಲ್ಲ.

ಹಾಗಂತ ಹಲಾಲ್ ಅಂತ ಬೋರ್ಡ್ ಹಾಕಿದ್ದನ್ನೆಲ್ಲ ನಂಬಲಿಕ್ಕಾಗುವುದಿಲ್ಲ. ಆ್ಯಪ್ ಅಂದರೆ ಒಂದು ಕಂಪನಿ, ಅದಕ್ಕೆ ಒಡೆಯರಿದ್ದಾರೆ, ಅವರಿಗೆ ಲಾಭ ಬೇಕು. ಈಗ ಜಾಸ್ತಿ ಹೆಸರು ಕೇಳುವ ಮಝ್ 2015ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಶುರು ಮಾಡಿದ ಶಹಜಾದ್ ಯೂನಸ್ ಅದಕ್ಕೂ ಮೊದಲು ಬ್ಯಾಂಕಿನಲ್ಲಿದ್ದವರು. ಆಗ ಅದರ ಹೆಸರು ಮಝ್‌ಮ್ಯಾಚ್. ಟಿಂಡರ್‌ನ ಒಡೆಯರಾದ ಮ್ಯಾಚ್ ಗ್ರೂಪ್‌ನವರು ನಮ್ಮ ಹೆಸರು ಬಳಸಿದ್ದಾರೆ ಅಂತ ಕೋರ್ಟಿಗೆ ಹೋಗಿ 2022ರಲ್ಲಿ ಗೆದ್ದರು, ಆಮೇಲೆ ಇದು ಬರೀ ಮಝ್ ಆಯಿತು. ಅದೇ ಮ್ಯಾಚ್ ಗ್ರೂಪ್ 2019ರಲ್ಲಿ ಈಜಿಪ್ಟಿನ ಒಂದು ಮುಸ್ಲಿಂ ಮದುವೆ ಆ್ಯಪನ್ನೇ ಕೊಂಡುಕೊಂಡಿತು. ಹಾರ್ಮೋನಿಕಾ ಅಂತ ಇದ್ದದ್ದು ಹವಾಯಾ ಆಯಿತು. ಟಿಂಡರ್ ನಡೆಸುವವರೇ ಇದನ್ನೂ ನಡೆಸಿದರು ಅಂತಾಯಿತು. ಇದನ್ನು ಕೇಳಿ ನನ್ನ ತಂಗಿ ಫೋನನ್ನೇ ದೂರ ತಳ್ಳಿದಳು. ನನಗೆ ಹಾಗೆ ಅನಿಸಲಿಲ್ಲ. ಒಡೆಯ ಯಾರೇ ಇರಲಿ, ಒಳಗೆ ಹುಡುಗಿಯ ಕೈಗೆ ಏನು ಕೊಟ್ಟಿದ್ದಾರೆ ಅನ್ನುವುದನ್ನು ನೋಡಬೇಕು. ಅವಳ ಮುಖ ಯಾರಿಗೆ ಕಾಣಬೇಕು, ಮಾತಿನ ನಡುವೆ ಮನೆಯವರು ಯಾವಾಗ ಬರಬೇಕು, ಬೇಡ ಅನಿಸಿದರೆ ಹೊರಗೆ ಬರುವುದು ಹೇಗೆ. ಇವು ಅವಳ ಕೈಯಲ್ಲಿದ್ದರೆ ಆ ಆ್ಯಪ್ ಪರವಾಗಿಲ್ಲ.

ನಮ್ಮ ದೇಶದ ಕಾನೂನಿನ ಒಂದು ಮಾತೂ ಇದೆ. ಮ್ಯಾಟ್ರಿಮನಿ ಸೈಟ್‌ಗಳಿಗೆ ಕೇಂದ್ರ ಸರಕಾರ 2016ರಲ್ಲೇ ಸೂಚನೆ ಕೊಟ್ಟಿದೆ. ಸದಸ್ಯರ ಗುರುತಿನ ದಾಖಲೆ ತೆಗೆದುಕೊಳ್ಳಬೇಕು, ಇದು ಮದುವೆಗೆ ಮಾತ್ರ, ಡೇಟಿಂಗ್‌ಗೆ ಅಲ್ಲ ಅಂತ ಸೈಟಿನಲ್ಲೇ ಹಾಕಬೇಕು, ದೂರು ಕೇಳುವ ಅಧಿಕಾರಿಯ ವಿವರ ಕೊಡಬೇಕು ಅಂತ. ಹಾಗಾಗಿ ಯಾವುದೇ ಆ್ಯಪ್ ಆಗಲಿ, ನಿಯಮಗಳ ಪುಟಕ್ಕೆ ಹೋಗಿ ಅದು ತನ್ನನ್ನು ಏನೆಂದು ಕರೆದುಕೊಂಡಿದೆ, ದೂರು ಕೊಡಲು ಯಾರ ಹೆಸರಿದೆ ಅಂತ ನೋಡಿ. ಹೆಸರೇ ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಈಗ ಫೋಟೊ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಹೊಸ ವರ್ಷದ ದಿನ ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ಗಳು ಬಂದವು. ಮುಸ್ಲಿಂ ಹೆಣ್ಣುಮಕ್ಕಳು ತಾವೇ ಹಾಕಿಕೊಂಡ ಫೋಟೊಗಳನ್ನು ಕದ್ದು ಹರಾಜಿಗೆ ಇಟ್ಟ ಹಾಗೆ ಹಾಕಿದ್ದರು. ಪತ್ರಕರ್ತೆಯರಿಂದ ಹಿಡಿದು ವಯಸ್ಸಾದ ತಾಯಂದಿರವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಎರಡನೆಯ ಕೇಸಿನಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದವರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಇದ್ದ. ಆಮೇಲೆ ನಮ್ಮ ಹುಡುಗಿಯರು ವಾಟ್ಸಾಪ್ ಡಿಪಿಗೆ ಕೂಡ ಹೂವು, ಬೆಕ್ಕು ಹಾಕತೊಡಗಿದರು. ಅವರಿಗೆ ‘ಪ್ರೊಫೈಲ್‌ಗೆ ಕನಿಷ್ಠ ಮೂರು ಫೋಟೊ ಹಾಕಿ’ ಅಂದರೆ ಭಯವಾಗದೆ ಇರುತ್ತದಾ? ಅದಕ್ಕೇ ಮೊದಲು ನೋಡಬೇಕಾದದ್ದು ಫೋಟೊ ಮಸುಕು ಮಾಡುವ ಸೌಲಭ್ಯ. ಮಝ್‌ನಲ್ಲಿ ಇದೆ, ಇನ್ನೂ ಕೆಲವದರಲ್ಲಿ ಇದೆ. ನಾವು ಒಪ್ಪಿದವರಿಗೆ ಮಾತ್ರ ಮುಖ ಕಾಣಬೇಕು, ಆ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬರಬೇಕು. ಸ್ಕ್ರೀನ್‌ಶಾಟ್ ತಡೆ ಇದ್ದರೆ ಒಳ್ಳೆಯದು, ಆದರೆ ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಕ್ಲಿಕ್ ಮಾಡಿದರೆ ಅದೂ ಮುಗಿಯಿತು. ನಾವು ಏನು ಮಾಡಿದೆವು ಅಂದರೆ, ಎಲ್ಲೂ ಹಾಕಿರದ ಹೊಸ ಫೋಟೊ ತೆಗೆದೆವು, ಹಿತ್ತಲಿನ ಬಿಳಿ ಗೋಡೆಗೆ ನಿಲ್ಲಿಸಿ. ಮನೆ ಗೇಟು ಇಲ್ಲ, ಆಫೀಸಿನ ಐಡಿ ಕಾರ್ಡಿನ ದಾರ ಇಲ್ಲ. ಅದೇ ಫೋಟೊ ಲಿಂಕ್ಡ್‌ಇನ್‌ನಲ್ಲೂ ಇದ್ದರೆ ಗೂಗಲ್‌ನಲ್ಲಿ ಫೋಟೊ ಹಾಕಿ ಹುಡುಕಿದವನಿಗೆ ಅವಳ ಪೂರ್ತಿ ಹೆಸರು, ಆಫೀಸು ಎಲ್ಲ ಸಿಕ್ಕಿಬಿಡಬಹುದು.

ಫೋಟೊದಷ್ಟೇ ಸೂಕ್ಷ್ಮ ಲೊಕೇಶನ್, ಇದನ್ನು ಯಾರೂ ಯೋಚಿಸುವುದಿಲ್ಲ. 2020ರಲ್ಲಿ ಅಮೆರಿಕದ ಮದರ್‌ಬೋರ್ಡ್ ಎಂಬ ಸುದ್ದಿತಾಣದ ಪತ್ರಕರ್ತರು ಒಂದು ವಿಷಯ ಬಯಲು ಮಾಡಿದರು. ನಮಾಜಿನ ಹೊತ್ತು ತಿಳಿಸುವ ಮುಸ್ಲಿಂ ಪ್ರೊ, ಮುಸ್ಲಿಮರ ಡೇಟಿಂಗ್ ಆ್ಯಪ್ ಆದ ಮುಸ್ಲಿಂ ಮಿಂಗಲ್, ಇವುಗಳಿಂದ ಜನ ಎಲ್ಲೆಲ್ಲಿ ಇದ್ದಾರೆ ಅನ್ನುವ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪನಿಗೆ ಹೋಗುತ್ತಿತ್ತು. ಅದು ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರಿಗೆ ಮಾರುತ್ತಿತ್ತು. 2024ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ಕಂಪನಿ ಇಂಥ ಮಾಹಿತಿ ಮಾರದಂತೆ ತಡೆ ಹಾಕಿತು. ಅಷ್ಟು ದೂರ ಯಾಕೆ, ನಮ್ಮ ವಿಟ್ಲದಂಥ ಊರಿನಲ್ಲಿ ‘2 ಕಿ.ಮೀ. ದೂರದಲ್ಲಿದ್ದಾಳೆ, ವಯಸ್ಸು 27, ಬ್ಯಾಂಕ್ ಕೆಲಸ’ ಅಂತ ಬಂದರೆ ಯಾರ ಮಗಳು ಅಂತ ಹೇಳಲು ಫೋಟೊ ಬೇಕಾ? ಫೋನಿನ ಸೆಟ್ಟಿಂಗ್‌ಗೆ ಹೋಗಿ ಆ ಆ್ಯಪ್‌ಗೆ ನಿಖರ ಲೊಕೇಶನ್ ಬಂದ್ ಮಾಡಿ. ಊರಿಗೆ ಬಂದಾಗ ಪ್ರೊಫೈಲನ್ನು ಮರೆ ಮಾಡಲು ಬಂದರೆ ಮಾಡಿ.

ಇನ್ನು ವಲಿ, ಅಂದರೆ ಹುಡುಗಿಯ ಪರವಾಗಿ ನಿಕಾಹ್ ಮಾಡಿಕೊಡುವ ತಂದೆ ಅಥವಾ ಹತ್ತಿರದ ಗಂಡಸು. ನಮ್ಮ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಎಂಬ ಧಾರ್ಮಿಕ ಪಂಥದವರು, ವಲಿ ಇಲ್ಲದೆ ನಿಕಾಹ್ ಇಲ್ಲ. ಘಟ್ಟದ ಮೇಲೆ ಹೆಚ್ಚಿನವರು ಹನಫಿ ಪಂಥದವರು, ಅವರಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ತಾನೇ ನಿಕಾಹ್ ಒಪ್ಪಿಕೊಂಡರೂ ನಡೆಯುತ್ತದೆ. ಹುಬ್ಬಳ್ಳಿ ಹುಡುಗ, ಬಂಟ್ವಾಳದ ಹುಡುಗಿ ಅಂದಾಗ ಇದು ಮಾತಿಗೆ ಬಂದೇ ಬರುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ. ಮಝ್‌ನಂಥ ಕೆಲವು ಆ್ಯಪ್‌ಗಳಲ್ಲಿ ಮನೆಯ ಒಬ್ಬರನ್ನು ಸೇರಿಸಬಹುದು, ಚಾಟ್‌ನ ಪ್ರತಿ ಅವರ ಇಮೇಲ್‌ಗೆ ಹೋಗುತ್ತದೆ. ‘ಇವಳ ಉಪ್ಪನಿಗೆ ಇಮೇಲ್ ಎಲ್ಲಿಂದ’ ಅಂತ ನನ್ನ ತಂಗಿ ನಕ್ಕಳು. ಕೊನೆಗೆ ನನ್ನ ಇಮೇಲ್ ಕೊಟ್ಟೆವು. ನಿಕಾಹ್‌ಗೆ ವಲಿ ಅವಳ ಉಪ್ಪ, ಆ್ಯಪ್‌ಗೆ ನಾನು. ಚಾಟ್ ಓದುವುದರಲ್ಲಿ ದೊಡ್ಡ ಲಾಭ ಏನಿಲ್ಲ, ಓದಿದರೆ ನಿದ್ದೆ ಬರುತ್ತದೆ, ‘ಊಟ ಆಯ್ತಾ’ ಬಿಟ್ಟರೆ ‘ಅಲ್ಲಿ ಮಳೆ ಉಂಟಾ’. ಲಾಭ ಇರುವುದು ಬೇರೆ ಕಡೆ. ಮನೆಯವರೊಬ್ಬರು ಒಳಗಿದ್ದಾರೆ ಅಂತ ಗೊತ್ತಾದ ಕೂಡಲೇ ಟೈಂಪಾಸ್‌ಗೆ ಬಂದವರು ತಾವಾಗಿಯೇ ಜಾಗ ಖಾಲಿ ಮಾಡುತ್ತಾರೆ. ಸಲಾಂ ಕೂಡ ಹೇಳದೆ. ರಾತ್ರಿ ಹನ್ನೆರಡಕ್ಕೆ ಇಬ್ಬರೇ ಚಾಟ್ ಮಾಡುವುದೂ ಒಂದು ರೀತಿ ಏಕಾಂತವೇ ಅಲ್ವಾ, ಅಲ್ಲಿ ಮೂರನೆಯವನು ಶೈತಾನ ಅಂತ ಹದೀಸ್ (ಪ್ರವಾದಿಯವರ ಮಾತು) ಕೇಳಿದವರಿಗೆಲ್ಲ ಗೊತ್ತು. ಆದರೆ ವಲಿ ಅಂದರೆ ಪೊಲೀಸ್ ಅಂತಲ್ಲ. ಖನ್ಸಾ ಬಿಂತ್ ಖಿದಾಮ್ ಎಂಬ ಮಹಿಳೆಗೆ ತಂದೆ ಇಷ್ಟವಿಲ್ಲದ ಮದುವೆ ಮಾಡಿಸಿದಾಗ ಪ್ರವಾದಿ (ಸ) ಆ ಮದುವೆಯನ್ನೇ ರದ್ದು ಮಾಡಿದರು, ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಪಿಯುಸಿ ಓದುವ ತಮ್ಮನ ಇಮೇಲ್ ಹಾಕಿ, ಅಕ್ಕನ ಮಾತನ್ನು ಅವನಿಗೆ ಓದಿಸುವುದು ಯಾವ ನ್ಯಾಯ? ಯಾರನ್ನು ಸೇರಿಸಬೇಕು ಅನ್ನುವುದನ್ನು ಹುಡುಗಿಯೇ ಹೇಳಲಿ.

ಪ್ರೊಫೈಲ್ ಓದುವುದಂತೂ ಒಳ್ಳೆ ಮನರಂಜನೆ. ‘ದೀನ್ ಫಸ್ಟ್’ (ಧರ್ಮ ಮೊದಲು) ಅಂತ ಮೇಲೆ ಬರೆದಿರುತ್ತಾನೆ, ಕೆಳಗೆ ಜಿಮ್ ಕನ್ನಡಿ ಮುಂದೆ ಅಂಗಿ ಇಲ್ಲದೆ ನಿಂತಿರುತ್ತಾನೆ. ‘ಏನು ಬೇಕಾದರೂ ಕೇಳಿ’ ಅಂತ ಬರೆದು ಮಿಕ್ಕಿದ್ದೆಲ್ಲ ಖಾಲಿ ಬಿಟ್ಟಿರುತ್ತಾನೆ. ಮದುವೆ ಯಾವಾಗ ಆಗಬೇಕು ಅನ್ನುವಲ್ಲಿ ‘ಗೊತ್ತಿಲ್ಲ’ ಅಂತ ಹಾಕಿದವನನ್ನು ನಾವು ನೋಡುವುದೇ ಇಲ್ಲ, ಅದೊಂದು ಸುಲಭದ ಜರಡಿ. ಪಂಗಡದ ವಿಷಯದಲ್ಲಿ ಆ್ಯಪ್‌ಗಳಿಗೆ ನಮ್ಮ ಊರು ಅರ್ಥವಾಗುವುದಿಲ್ಲ ಬಿಡಿ. ಅಲ್ಲಿ ‘ಸುನ್ನಿ’ ಅಂತ ಇದ್ದರೆ ಮುಗಿಯಿತು. ನಮ್ಮಲ್ಲಿ ಎಪಿಯಾ, ಇಕೆಯಾ (ಇವೆರಡೂ ಸುನ್ನಿಗಳದ್ದೇ ಬಣಗಳು), ಸಲಫಿಯಾ, ಜಮಾಅತೆ ಇಸ್ಲಾಮಿಯಾ ಅನ್ನುವುದು ಗೊತ್ತಾಗದೆ ಚಹಾ ಕೂಡ ಇಡುವುದಿಲ್ಲ. ನನಗೆ ಇದು ಇಷ್ಟವಿಲ್ಲ. ಆದರೆ ಮನೆಯ ಹಿರಿಯರಿಗೆ ಬೇಕಾದದ್ದನ್ನು ಎರಡನೇ ದಿನವೇ ಕೇಳಿಬಿಡುವುದು ವಾಸಿ, ಆರು ತಿಂಗಳು ಮಾತಾಡಿ ಮನಸ್ಸು ಕೊಟ್ಟ ಮೇಲೆ ‘ಅವರು ಬೇರೆ ಮಸೀದಿಯವರು’ ಅಂತ ಮುರಿಯುವುದು ಮಹಾ ಪಾಪ.

ನೀಲಿ ಟಿಕ್ ನೋಡಿ ಖುಷಿಪಡುವವರಿಗೆ ಒಂದು ಮಾತು. ಸೆಲ್ಫಿ ವೆರಿಫಿಕೇಶನ್ ಅಂದರೆ ಫೋಟೊದಲ್ಲಿರುವವನೇ ಫೋನ್ ಹಿಡಿದಿದ್ದಾನೆ ಅಂತ ಅಷ್ಟೇ. ಅವನಿಗೆ ಊರಿನಲ್ಲಿ ಹೆಂಡತಿ ಇದ್ದಾಳಾ ಅಂತ ಆ ಟಿಕ್ ಹೇಳುವುದಿಲ್ಲ. ಎರಡನೇ ಮದುವೆಗೆ ಹುಡುಕುವವರು ಇದ್ದಾರೆ, ಕೆಲವರು ಹೇಳಿಯೇ ಹುಡುಕುತ್ತಾರೆ, ಹೇಳದವರೇ ಅಪಾಯ. ಮಾತುಕತೆ ಮುಂದುವರಿದರೆ ಹುಡುಗನ ಪಾಸ್‌ಪೋರ್ಟ್ ನೋಡಲು ಕೇಳಿ. ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರಿನ ಕೆಳಗೆ ಹೆಂಡತಿ ಅಥವಾ ಗಂಡನ ಹೆಸರಿಗೆ ಜಾಗ ಇದೆ. ಖಾಲಿ ಇದ್ದ ಮಾತ್ರಕ್ಕೆ ಮದುವೆ ಆಗಿಲ್ಲ ಅಂತಲ್ಲ, ಹೊಸದಾಗಿ ಮಾಡಿಸದೆ ಇರಬಹುದು, ಆದರೆ ತೋರಿಸಲು ಹಿಂದೆಮುಂದೆ ನೋಡುವವನ ವಿಷಯ ಅಲ್ಲೇ ಗೊತ್ತಾಗುತ್ತದೆ. ಗಲ್ಫ್‌ನಲ್ಲಿರುವವನಾದರೆ ಕೆಲಸ ಏನು ಅಂತ ಅಲ್ಲಿನ ವಾಸದ ಪರವಾನಗಿ ಅಥವಾ ಐಡಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ನಮಗೆ ಒಬ್ಬ ದುಬೈ ಹುಡುಗನ ಜೊತೆ ಮಾತಾಯಿತು. ಅಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ಬೋಟಿಮ್ ಎಂಬ ಕಾಲ್ ಆ್ಯಪ್‌ನಲ್ಲಿ ಬನ್ನಿ ಅಂದ. ಅದಕ್ಕೆ ನಂಬರ್ ಬೇಕು, ನನ್ನ ನಂಬರ್ ಕೊಟ್ಟೆವು, ಹುಡುಗಿಯದ್ದು ಕೊಡಲಿಲ್ಲ. ವಿಡಿಯೊದಲ್ಲಿ ಹಿಂದೆ ಎರಡಂತಸ್ತಿನ ಕಬ್ಬಿಣದ ಮಂಚ, ಮೇಲೆ ಯಾರೋ ಮುಸುಕು ಹಾಕಿ ಮಲಗಿದ್ದರು, ನೈಟ್ ಶಿಫ್ಟ್‌ನವರು ಅಂತೆ. ಹುಡುಗ ಮೆಲ್ಲ ದನಿಯಲ್ಲಿ, ‘ಇದು ಬೆಡ್‌ಸ್ಪೇಸ್, ಫ್ಯಾಮಿಲಿ ವೀಸಾ ಆಗಲು ಎರಡು ವರ್ಷ ಬೇಕಾಗಬಹುದು, ಅಷ್ಟರವರೆಗೆ ಇವರು ಬೆಂಗಳೂರಿನಲ್ಲೇ ಕೆಲಸ ಮಾಡಲಿ, ನನಗೆ ತೊಂದರೆ ಇಲ್ಲ’ ಅಂದ. ಬಾಡಿಗೆ ಕಾರಿನ ಬಾನೆಟ್ ಮೇಲೆ ಕೂತು ಫೋಟೊ ಹಾಕುವವರ ನಡುವೆ ಈ ಹುಡುಗ ನನಗೆ ಬಹಳ ಇಷ್ಟವಾದ. ಸಂಬಂಧ ಆಗಲಿಲ್ಲ, ನಮ್ಮ ಹುಡುಗಿಗೆ ಎರಡು ವರ್ಷ ದೂರ ಇರುವುದು ಬೇಡ ಅನಿಸಿತು. ಬೇಡ ಅಂದಳು, ಅವನೂ ದುಆ ಮಾಡಿ ಅಂತ ಹೇಳಿ ಇಟ್ಟ. ಯಾರ ಮರ್ಯಾದೆಯೂ ಹೋಗಲಿಲ್ಲ.

ಹುಡುಗನ ಕಡೆಯ ಹಳೇ ಮಾತುಗಳು ಆ್ಯಪ್‌ನಲ್ಲೂ ಬರುತ್ತವೆ, ಬಟ್ಟೆ ಮಾತ್ರ ಬೇರೆ. ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಅದು ನಿಮ್ಮ ಇಷ್ಟ’ ಅಂದರೆ ಪವನ್ ಎಷ್ಟು ಅಂತಲೇ ಅರ್ಥ. ನಾವು ಮಹರ್ (ವಧುಧನ) ವಿಷಯವನ್ನು ಮೊದಲೇ ಎತ್ತುತ್ತೇವೆ. ಹುಡುಗಿಗೆ ಹುಡುಗ ಕೊಡಬೇಕಾದದ್ದರ ಮಾತು ಮೊದಲು ಬರಲಿ. ಮುಖ ಚಿಕ್ಕದಾದರೆ ಆಗಲಿ, ಆಗಲೇ ಗೊತ್ತಾಗುವುದು ಒಳ್ಳೆಯದಲ್ವಾ.

ಮೋಸದ ವಿಷಯ ಪೇಪರಿನಲ್ಲಿ ನೀವೇ ಬರೆಯುತ್ತಿರುತ್ತೀರಿ, ಹೆಚ್ಚು ಹೇಳುವುದಿಲ್ಲ. ಲಂಡನ್ ಡಾಕ್ಟರ್ ಅನ್ನುತ್ತಾನೆ, ಗಿಫ್ಟ್ ಕಳಿಸಿದ್ದೇನೆ ಅನ್ನುತ್ತಾನೆ, ಆಮೇಲೆ ದೆಹಲಿ ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ಸಿಕ್ಕಿಕೊಂಡಿದೆ, ಇಷ್ಟು ಸಾವಿರ ಕಟ್ಟಿ ಅಂತ ಫೋನ್ ಬರುತ್ತದೆ. ಹೊಸ ವೇಷ ‘ಬಡ್ಡಿ ಇಲ್ಲದ ಹಲಾಲ್ ಟ್ರೇಡಿಂಗ್’. ಫಜ್ರ್‌ಗೆ (ಮುಂಜಾನೆಯ ನಮಾಜಿಗೆ) ಎಬ್ಬಿಸುತ್ತಾನೆ, ದುಆ ಕಳಿಸುತ್ತಾನೆ, ವಾರಗಟ್ಟಲೆ ಹೀಗೆ ನಂಬಿಸಿ ಆಮೇಲೆ ಹಣ ಹಾಕಿಸುತ್ತಾನೆ. ಮದುವೆಗೆ ಮೊದಲು ಹಣದ ಮಾತು ಯಾವ ರೂಪದಲ್ಲಿ ಬಂದರೂ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಬೇರೆಯವರ ವೇಷದಲ್ಲಿ ಆನ್‌ಲೈನ್ ಮೋಸ ಮಾಡಿದವನಿಗೆ ಐಟಿ ಕಾಯ್ದೆಯ 66ಡಿ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ.

ಹೊರಗೆ ಬರುವ ದಾರಿಯನ್ನೂ ಒಳಗೆ ಹೋಗುವ ಮೊದಲೇ ನೋಡಿಟ್ಟುಕೊಳ್ಳಿ. ಫೋನಿನಿಂದ ಆ್ಯಪ್ ತೆಗೆದರೆ ಪ್ರೊಫೈಲ್ ಹೋಗುವುದಿಲ್ಲ, ಕಟ್ಟಿದ ಚಂದಾ ಕೂಡ ನಿಲ್ಲುವುದಿಲ್ಲ. ಒಂದು ಆ್ಯಪ್‌ನಲ್ಲಿ (ಹೆಸರು ಬೇಡ) ಹೀಗೇ ಆಗಿ, ಬೇಡ ಅಂತ ಬಿಟ್ಟ ಮೇಲೂ ತಂಗಿಯ ಮಗಳ ಖಾತೆಯಿಂದ ಹಣ ಹೋಗುತ್ತಿತ್ತು. ಪ್ಲೇ ಸ್ಟೋರ್‌ನಲ್ಲಿ ಚಂದಾ ರದ್ದು ಮಾಡಿ, ಆ್ಯಪ್‌ನೊಳಗೆ ಖಾತೆ ಅಳಿಸಿ, ಆಮೇಲೆ ಆ್ಯಪ್ ತೆಗೆಯಿರಿ. ವರ್ಷದ ಪ್ಲಾನ್ ಅಗ್ಗ ಅಂತ ಆಸೆ ತೋರಿಸುತ್ತಾರೆ, ಮದುವೆ ಬೇಗ ಮಾಡಿಸುತ್ತೇವೆ ಅನ್ನುವವರು ವರ್ಷದ ಚಂದಾ ಯಾಕೆ ಕೇಳುತ್ತಾರೋ ನನಗಂತೂ ತಿಳಿಯದು.

ಕೊನೆಗೆ ನಮ್ಮ ಜಮಾಅತ್‌ಗಳವರಿಗೆ (ಊರಿನ ಮಸೀದಿ ಸಮಿತಿಯವರಿಗೆ) ಒಂದು ಕೋರಿಕೆ, ನಿಮ್ಮ ಪತ್ರಿಕೆ ಅವರ ಮನೆಗೂ ಹೋಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿಕಾಹ್‌ಗೆ ಹುಡುಗನ ಜಮಾಅತ್‌ನ ಪತ್ರ ಬೇಕು ಅನ್ನುವ ಪದ್ಧತಿ ನಮ್ಮ ಕಡೆ ಇದೆ. ಆದರೆ ಆ ಪತ್ರ ಬರುವುದು ಹಾಲ್ ಬುಕ್ ಆಗಿ, ಕಾರ್ಡ್ ಹಂಚಿದ ಮೇಲೆ. ಆಗ ಏನು ಗೊತ್ತಾದರೂ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕಿಂತ ಮೊದಲೇ, ಬೇರೆ ಊರಿನ ಹೆಣ್ಣಿನ ಕಡೆಯವರು ಫೋನ್ ಮಾಡಿ ‘ನಿಮ್ಮ ಊರಿನ ಇಂಥ ಹುಡುಗ ಹೇಗೆ, ಮೊದಲು ಮದುವೆ ಆಗಿದೆಯಾ’ ಅಂತ ಕೇಳಿದರೆ ನೇರವಾಗಿ ಉತ್ತರ ಕೊಡುವ ಒಬ್ಬರು ಪ್ರತಿ ಜಮಾಅತ್‌ನಲ್ಲಿ ಇರಲಿ. ಸಾಧ್ಯವಾದರೆ ಒಬ್ಬ ಹೆಂಗಸೂ ಇರಲಿ, ಉಮ್ಮಂದಿರಿಗೆ ಮಸೀದಿಯ ಖತೀಬರ (ಧರ್ಮಗುರುಗಳ) ಹತ್ತಿರ ಎಲ್ಲ ಕೇಳಲು ಸಂಕೋಚ. ಅವರ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲೂ ಜಮಾಅತ್‌ನ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿ.

ಇಂತಿ,
ಬಂಟ್ವಾಳ ತಾಲೂಕಿನ ಓದುಗಿ